ಪಾಯದ ಗುಂಡಿಯಲ್ಲಿ ಸಿಕ್ಕ ಹಗೇವು: ರಾಯಚೂರು ಹಳೆ ಊರಿನ ಒಂದು ಪ್ರಕರಣ

ಹಳೆ ಊರಿನ ನಡುವೆ ಮನೆ ಕಟ್ಟಲು ಪಾಯ ಅಗೆಯುವಾಗ, ಪುರಾತತ್ವ ಬಲ್ಲವರು ಒಬ್ಬರು ಗುಂಡಿಯ ಪಕ್ಕ ನಿಂತಿದ್ದರೆ ಏನಾಗುತ್ತದೆ? ಯಾರಿಗೆ ಲಾಭ, ಯಾರಿಗೆ ತೊಂದರೆ? ರಾಯಚೂರಿನ ಒಂದೇ ಒಂದು ಮನೆಯ ಕೆಲಸವನ್ನು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ನಿಂತು ನೋಡಿದವಳು ನಾನೇ. ಮನೆಯವರನ್ನು ಕೇಳಿಯೇ ಬರೆದಿದ್ದೇನೆ. ಅವರ ಹೆಸರು, ಓಣಿ ಮಾತ್ರ ಬಿಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಚಿನ್ನ ಸಿಗಲಿಲ್ಲ, ಶಾಸನ ಸಿಗಲಿಲ್ಲ. ಸಿಕ್ಕಿದ್ದು ಒಂದು ಹಗೇವು, ಅಂದರೆ ನೆಲದೊಳಗೆ ತೋಡಿ ಜೋಳ ತುಂಬಿಡುವ ಗುಂಡಿ. ಅದರಿಂದ ಊರಿನ ಚರಿತ್ರೆಗೆ ಸ್ವಲ್ಪ ಬೆಳಕು ಬಂತು. ಜೊತೆಗೆ, ಕಟ್ಟುವವರ ಒಂದು ಕಾಲಂ ಮುಂದೆ ಕುಸಿಯುವುದು ತಪ್ಪಿತು. ಈ ಎರಡನೇ ಲಾಭವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹೇಳಬೇಕು ಅಂದುಕೊಂಡಿರುವುದು ಮುಖ್ಯವಾಗಿ ಅದನ್ನೇ.

ಊರು ಮತ್ತು ನೆಲ

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಒಂದು ಉದ್ದನೆ ಕಲ್ಲಿದೆ. ಸುಮಾರು 41 ಅಡಿ ಉದ್ದ. ಅದರ ಮೇಲೆ ತೆಲುಗು ಶಾಸನ ಇದೆ. ಗೋರೆ ಗಂಗಯ್ಯ ರೆಡ್ಡಿಯ ಆಣತಿಯಂತೆ ವಿಠ್ಠಲ ಎಂಬಾತ 1294ರಲ್ಲಿ ಈ ಕೋಟೆ ಕಟ್ಟಿಸಿದ ವಿಷಯ ಅದರಲ್ಲಿದೆ. ಕಾಕತೀಯರ ಕಾಲ ಅದು. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಕೋಣ ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೀಚಿದ್ದಾರೆ. ಒಳಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂಡಿಸಿ ನಿಲ್ಲಿಸಿದ್ದಾರೆ. ಹೊರಗೋಡೆ ಆಮೇಲೆ ಸುಲ್ತಾನರ ಕಾಲದಲ್ಲಿ ಬಂದದ್ದು.

ಬಹಮನಿಯವರು, ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು, ಎಲ್ಲರಿಗೂ ಈ ಊರು ಬೇಕಾಗಿತ್ತು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎರೆಭೂಮಿ ಯಾರ ಕೈಯಲ್ಲಿದೆಯೋ ಅವರಿಗೆ ಜೋಳಕ್ಕೆ ಬರ ಇರುತ್ತಿರಲಿಲ್ಲ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್‌ಶಾಹನ ನಡುವೆ ದೊಡ್ಡ ಕಾಳಗ ಆಗಿದ್ದು ಇದೇ ಊರಿಗಾಗಿ. ಆಮೇಲೆ ಮೊಗಲರು, ನಿಜಾಮರು. 1871ರಲ್ಲಿ ಮುಂಬೈ ಕಡೆಯ ರೈಲು ಹಳಿ ಮತ್ತು ಮದ್ರಾಸ್ ಕಡೆಯ ಹಳಿ ಕೂಡಿದ್ದೂ ರಾಯಚೂರಿನಲ್ಲೇ.

ಇಷ್ಟೆಲ್ಲ ನಡೆದ ಊರಿನ ಮೇಲೆಯೇ ಇವತ್ತಿನ ಪೇಟೆ ನಿಂತಿದೆ. ಕಾಟಿ ದರವಾಜಾ, ತೀನ್ ಕಂದೀಲ್, ಒಂದು ಮಿನಾರ್ ಮಸೀದಿ ಇರುವ ಭಾಗದಲ್ಲಿ ಓಡಾಡಿದವರಿಗೆ ಗೊತ್ತು, ಹಳೆ ಓಣಿಗಳಲ್ಲಿ ಒಂದು ಮನೆಯ ಹೊಸ್ತಿಲು ರಸ್ತೆಗಿಂತ ಮೇಲಿದ್ದರೆ ಇನ್ನೊಂದರದ್ದು ಕೆಳಗಿರುತ್ತದೆ. ಮಣ್ಣಿನ ಮಾಳಿಗೆ ಮನೆ ಬಿದ್ದಾಗ ಆ ಮಣ್ಣನ್ನು ಹೊರಗೆ ಸಾಗಿಸುವುದು ಕಡಿಮೆ. ಅಲ್ಲೇ ಸಮ ಮಾಡಿ, ಅದರ ಮೇಲೇ ಹೊಸ ಮನೆ ಎಬ್ಬಿಸುತ್ತಾರೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ನೆಲ ಏರುತ್ತಾ ಬಂದಿದೆ.

ಕಾನೂನು ನೆಲದ ಮೇಲಿರುವುದನ್ನು ನೋಡುತ್ತದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿ ಇದು. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ. ಎರಡೂ ಬೇಕಾದವೇ. ಆದರೆ ಎರಡೂ ಒಂದು ಗೋಡೆಯನ್ನೋ ಗುಡಿಯನ್ನೋ ಗುರುತು ಹಿಡಿದು ಅಲ್ಲಿಂದ ಟೇಪು ಎಳೆಯುತ್ತವೆ. ಜನ ವಾಸ ಮಾಡುವ ಓಣಿಯ ಕೆಳಗೆ ಮಣ್ಣಿನಲ್ಲಿ ಮುಚ್ಚಿರುವ ಊರಿಗೆ ಟೇಪು ಎಲ್ಲಿಂದ ಎಳೆಯೋದು?

ಅನುಮತಿ ಪತ್ರದ ಒಂದು ಸಾಲು

ಮನೆಯವರದು ಕಿರಾಣಿ ಸಗಟು ವ್ಯಾಪಾರ. ಅಜ್ಜನ ಕಾಲದ ಮಾಳಿಗೆ ಮನೆ ಸೋರಿ ಸೋರಿ ಗೋಡೆ ಉಬ್ಬಿತ್ತು. ಅದನ್ನು ಕೆಡವಿ ಕೆಳಗೆ ಅಂಗಡಿ ಮತ್ತು ಗೋಡೌನು, ಮೇಲೆ ಎರಡು ಮಹಡಿ ಕಟ್ಟುವುದು ಅವರ ಲೆಕ್ಕ. ಹನ್ನೆರಡು ಕಾಲಂ. ಒಂದೊಂದಕ್ಕೂ ಏಳು ಅಡಿ ಆಳದ ಗುಂಡಿ.

ಅವರಿಗೆ ಸಿಕ್ಕ ಅನುಮತಿ ಪತ್ರದಲ್ಲಿ ಒಂದು ಷರತ್ತು ಇತ್ತು. ಅಗೆಯುವಾಗ ಪುರಾತತ್ವ ಬಲ್ಲವರು ಹಾಜರಿರಬೇಕು, ಅವಶೇಷ ಕಂಡರೆ ಕೆಲಸ ನಿಲ್ಲಿಸಿ ತಿಳಿಸಬೇಕು. ಅಷ್ಟೇ. ಆ ಬಲ್ಲವರು ಯಾರು? ಅವರ ಕೂಲಿ ಯಾರು ಕೊಡಬೇಕು? ಎಷ್ಟು ಹೊತ್ತು ನಿಲ್ಲಿಸಬೇಕು? ಮತ್ತೆ ಶುರು ಮಾಡಿ ಅಂತ ಯಾರು ಹೇಳಬೇಕು? ಒಂದಕ್ಕೂ ಉತ್ತರ ಇರಲಿಲ್ಲ.

ಇಂಥ ಷರತ್ತು ಕಂಡ ಕೂಡಲೇ ಜನ ಮಾಡುವುದು ಒಂದೇ. ರಾತ್ರಿ ಜೆಸಿಬಿ ತರಿಸಿ, ಬೆಳಗಾಗುವುದರೊಳಗೆ ಅಗೆದು ಮುಗಿಸುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಒಂದು ಸಾಲಿನ ಹೆದರಿಕೆಗೆ ಅವರು ಕಂಡುಕೊಂಡ ದಾರಿ ಅದು. ಈ ಮನೆಯ ಯಜಮಾನರೂ ಮೊದಲು ಅದೇ ಯೋಚನೆಯಲ್ಲಿದ್ದರು. ಅವರ ಮಗ ಕಾಲೇಜಿನಲ್ಲಿ ಚರಿತ್ರೆ ಓದಿದವನು. ಅವನು ನನ್ನನ್ನು ಕರೆಸಿದ.

ಯಜಮಾನರು ನೇರವಾಗಿಯೇ ಕೇಳಿದರು. "ಮೇಡಂ, ಏನರ ಸಿಕ್ತು ಅಂದ್ರ ನಮ್ಮ ಜಾಗ ಹೋಗ್ತದೇನ್ರೀ?"

ಮಡಕೆ ಚೂರು ಸಿಕ್ಕಿತು, ಹಳೆ ಗೋಡೆ ಸಿಕ್ಕಿತು ಅಂತ ಯಾರ ಜಾಗವೂ ತಾನಾಗಿ ಸರ್ಕಾರಕ್ಕೆ ಹೋಗುವುದಿಲ್ಲ. ಸ್ಮಾರಕ ಅಂತ ಘೋಷಣೆ ಮಾಡಬೇಕಾದರೆ ಅದಕ್ಕೆ ಬೇರೆ ವಿಧಾನವೇ ಇದೆ. ನೋಟಿಸ್ ಹೊರಡಿಸಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ನಾಣ್ಯ, ಒಡವೆ ಹೂತಿಟ್ಟದ್ದು ಸಿಕ್ಕರೆ ಮಾತ್ರ ಬೇರೆ ಕಾನೂನು. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯ ದಾರಿಯಲ್ಲೇ ನಮ್ಮ ರಾಜ್ಯದ್ದು 1962ರಲ್ಲಿ ಬಂತು. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಅದನ್ನೂ ಮುಚ್ಚಿಡದೆ ಹೇಳಿದೆ. ಅರ್ಧ ಸತ್ಯ ಹೇಳಿ ಒಪ್ಪಿಸಿದರೆ, ಏನಾದರೂ ಸಿಕ್ಕ ದಿನ ನಂಬಿಕೆ ಹೋಗುತ್ತದೆ.

ಆಮೇಲೆ ಕೂತು ಒಂದು ಹಾಳೆಯ ಮೇಲೆ ಒಪ್ಪಂದ ಬರೆದೆವು. ಯಜಮಾನರು, ಇಂಜಿನಿಯರ್, ಗೌಂಡಿ, ಜೆಸಿಬಿಯವನು, ನಾನು, ಎಲ್ಲರೂ ಸಹಿ ಮಾಡಿದೆವು. ನಾನು ಕೈ ಎತ್ತಿದರೆ ಆ ಗುಂಡಿಯಲ್ಲಿ ಮಷೀನು ನಿಲ್ಲಬೇಕು. ಆದರೆ ಇಡೀ ಕೆಲಸ ನಿಲ್ಲುವುದಿಲ್ಲ, ಮಷೀನು ಇನ್ನೊಂದು ಕಾಲಂ ಜಾಗಕ್ಕೆ ಹೋಗುತ್ತದೆ. ಸಣ್ಣ ಪುಟ್ಟದ್ದಾದರೆ ಅರ್ಧ ದಿನದೊಳಗೆ ನಾನು ಬರೆದು, ಫೋಟೋ ತೆಗೆದು ಗುಂಡಿ ಬಿಟ್ಟುಕೊಡಬೇಕು. ದೊಡ್ಡದಾದರೆ ಇಂಜಿನಿಯರ್ ಮತ್ತು ನಾನು ಕೂಡಿ ತೀರ್ಮಾನ ಮಾಡಬೇಕು, ಪುರಾತತ್ವ ಇಲಾಖೆಗೆ ಅದೇ ದಿನ ತಿಳಿಸಬೇಕು. ಗುಂಡಿಗಳನ್ನು ಯಾವ ಕ್ರಮದಲ್ಲಿ ಅಗೆಯಬೇಕು ಅಂತಲೂ ಅದರಲ್ಲೇ ಬರೆದೆವು. ಒಂದರಲ್ಲಿ ತಡ ಆದರೂ ಬಾಡಿಗೆ ಮಷೀನು ಸುಮ್ನೆ ನಿಲ್ಲಬಾರದು ಅಲ್ವಾ, ಅದಕ್ಕೆ. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಹಾಳೆ.

ಹಲ್ಲಿಲ್ಲದ ಬಕೆಟ್

ಜೆಸಿಬಿಯ ಬಕೆಟ್‌ಗೆ ಮುಂದೆ ಹಲ್ಲು ಇರುತ್ತವೆ. ಗಟ್ಟಿ ನೆಲ ಕೀಳಲು ಅವು ಬೇಕು. ಆದರೆ ಹಲ್ಲು ಎಳೆದ ನೆಲ ಗೀರು ಗೀರಾಗುತ್ತದೆ. ಎಲ್ಲಿ ಮಣ್ಣಿನ ಬಣ್ಣ ಬದಲಾಯಿತು, ಎಲ್ಲಿ ಹಳೆ ಗುಂಡಿಯ ಅಂಚು ಇದೆ, ಏನೂ ಕಾಣುವುದಿಲ್ಲ. ಇಂಗ್ಲೆಂಡ್ ಕಡೆ ಇಂಥ ಕೆಲಸಕ್ಕೆ ಹಲ್ಲಿಲ್ಲದ ಅಗಲ ಬಕೆಟ್‌ನ್ನೇ ಹಾಕುತ್ತಾರೆ. ಇಲ್ಲಿ ಅದು ಬಾಡಿಗೆಗೆ ಸಿಗಲಿಲ್ಲ. ಸಿಂಧನೂರು ಕಡೆಯ ಆಪರೇಟರ್ ಹುಡುಗನೇ ದಾರಿ ಹೇಳಿದ. "ಅಕ್ಕಾರೆ, ಹಲ್ಲಿನ ಮ್ಯಾಲ ಒಂದು ಪಟ್ಟಿ ವೆಲ್ಡಿಂಗ್ ಹೊಡಸಿದ್ರ ಆತ್ರಿ." ಗುಜರಿ ಅಂಗಡಿಯಿಂದ ದಪ್ಪ ಕಬ್ಬಿಣದ ಪಟ್ಟಿ ತಂದು ಹಲ್ಲುಗಳ ಮೇಲೆ ಅಡ್ಡ ಕೂಡಿಸಿದರು. ಅದಾದ ಮೇಲೆ ಮಷೀನು ನಾಲ್ಕು ಬೆರಳಷ್ಟೇ ಮಣ್ಣು ಹೆರೆದು ತೆಗೆಯುತ್ತಿತ್ತು. ಹೆರೆದ ನೆಲ ನುಣ್ಣಗೆ ಉಳಿಯುತ್ತಿತ್ತು.

ಮೂರು ಅಡಿಯ ತನಕ ಹೀಗೆ ನಿಧಾನ. ಗುಂಡಿಯ ತಳದಲ್ಲಿ ಮನುಷ್ಯರ ಕೈ ತಾಗದ ಗರಸು (ಗಟ್ಟಿ ಕಲ್ಲುಮಣ್ಣು) ಕಂಡಲ್ಲಿ ಪಟ್ಟಿ ಬಿಚ್ಚಿ ಹಲ್ಲಿನಲ್ಲೇ ಅಗೆಯಬಹುದು. ಎಲ್ಲಿ ನಿಧಾನ, ಎಲ್ಲಿ ಜೋರು ಅಂತ ಗೊತ್ತಾದ ಮೇಲೆ ಆಪರೇಟರ್‌ಗೂ ಕೆಲಸದಲ್ಲಿ ಆಸಕ್ತಿ ಬಂತು. ಅವನಿಗೆ ಮಣ್ಣಿನ ಪರಿಚಯ ನನಗಿಂತ ಜಾಸ್ತಿ. ಲಿವರ್ ಹಿಡಿದ ಕೈಗೇ ಅವನಿಗೆ ನೆಲದ ಗಟ್ಟಿತನ ಗೊತ್ತಾಗುತ್ತದೆ. ಇಂಥ ಕೆಲಸದಲ್ಲಿ ಮೊದಲು ಸ್ನೇಹ ಬೆಳೆಸಬೇಕಾದ್ದು ಆಪರೇಟರ್ ಜೊತೆ.

ರಾಯಚೂರಿನ ಬೇಸಿಗೆ ಇನ್ನೊಂದು ಕಷ್ಟ. ಬಿಸಿಲಿಗೆ ಗುಂಡಿಯ ಗೋಡೆ ಅರ್ಧ ಗಂಟೆಯಲ್ಲಿ ಒಣಗಿ ಎಲ್ಲ ಪದರವೂ ಒಂದೇ ಬಣ್ಣಕ್ಕೆ ತಿರುಗುತ್ತದೆ. ಒದ್ದೆ ಮಾಡಿದರೆ ಬೂದಿ ಬೇರೆ, ಎರೆ ಬೇರೆ, ಇಟ್ಟಿಗೆ ಪುಡಿ ಬೇರೆ ಅಂತ ಮತ್ತೆ ಎದ್ದು ಕಾಣುತ್ತದೆ. ಹತ್ತಿ ಹೊಲಕ್ಕೆ ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪನ್ನೇ ತಂದೆವು. ಹೊಸದನ್ನೇ ತಂದೆವು. ಹಳೆ ಪಂಪಿನ ತಳದಲ್ಲಿ ಉಳಿದ ಔಷಧಿ ಮಣ್ಣಿನ ಮಾದರಿಗೆ ಬೆರೆತರೆ ಪರೀಕ್ಷೆ ಕೆಡುತ್ತದೆ. ಕೆಲಸ ಮಾಡುವವರ ಮೈಗೂ ಒಳ್ಳೆಯದಲ್ಲ.

ಪದರಗಳು

ಮೇಲಿನ ಪದರ ಕೆಡವಿದ ಮಾಳಿಗೆಯ ಮಣ್ಣು. ಶಹಾಬಾದ್ ಕಲ್ಲಿನ ಚೂರು, ಸುಣ್ಣದ ಗಾರೆ, ಬಳೆ ಒಡಕು, ಗೋಲಿ ಸೋಡಾ ಬಾಟಲಿಯ ಒಂದು ಕುತ್ತಿಗೆ. ಈ ಕುತ್ತಿಗೆಯನ್ನು ಕೂಲಿಯವರು ಎಸೆಯಲು ಹೋದರು. ನಾನು ಇಸಿದುಕೊಂಡೆ. ಗೋಲಿ ಹಾಕಿ ಬಾಯಿ ಮುಚ್ಚುವ ಈ ಬಾಟಲಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿದ್ದು 1870ರ ದಶಕದಲ್ಲಿ. ಅಂದರೆ ಅದು ಸಿಕ್ಕ ಪದರ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ರೈಲು ಬಂದ ನಂತರದ ರಾಯಚೂರು ಅದು. ಚಿನ್ನದ ನಾಣ್ಯ ಹೇಳುವಷ್ಟೇ ಖಚಿತವಾಗಿ ಒಂದು ಗಾಜಿನ ಚೂರು ಕಾಲ ಹೇಳುತ್ತದೆ, ಅದು ಯಾವ ಪದರದಲ್ಲಿತ್ತು ಅಂತ ಗೊತ್ತಿದ್ದರೆ.

ಆ "ಗೊತ್ತಿದ್ದರೆ" ಅನ್ನುವುದರಲ್ಲೇ ಎಲ್ಲ ಇದೆ. ಒಂದು ಚೂರನ್ನು ಅದರ ಪದರದಿಂದ ಕಿತ್ತು ಟ್ರ್ಯಾಕ್ಟರಿಗೆ ಹಾಕಿದ ಮೇಲೆ ಅದು ಬರೀ ಕಸ. ಪದರದ ಪ್ರಕಾರ ಅಗೆಯುವ ಶಿಸ್ತನ್ನು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ತೋರಿಸಿಕೊಟ್ಟರು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅದೇ ರೀತಿ ಅಗೆಸಿದರು. 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕ ಊರು ಮಸ್ಕಿ. ಹಾಗಾಗಿ ಅಲ್ಲಿಗೆ ವಿದ್ವಾಂಸರು ಬಂದರು. ಹಳೆ ಪೇಟೆಯ ಪಾಯದ ಗುಂಡಿಗೆ ಯಾರು ಬರುತ್ತಾರೆ?

ಎರಡನೇ ಪದರ ಕಪ್ಪು ಬೂದಿ ಬೆರೆತ ಮಣ್ಣು. ಒಲೆ ಬೂದಿ, ದನದ ಎಲುಬು, ಕಪ್ಪು ಮತ್ತು ಕೆಂಪು ಮಡಕೆ ಚೂರು ಧಾರಾಳ. ಅದರ ಕೆಳಗೆ ಗಟ್ಟಿ ಬಡಿದ ಒಂದು ನೆಲ. ಸಗಣಿ ಸಾರಿಸಿ ಸಾರಿಸಿ ಕಾಗದದಂಥ ತೆಳು ಪೊರೆಗಳು ಒಂದರ ಮೇಲೊಂದು ಕೂತಿದ್ದವು. ಕರಣೆಯ ತುದಿಯಿಂದ ಎಬ್ಬಿಸಿದರೆ ಒಂದೊಂದೇ ಪೊರೆ ಬಿಡುತ್ತಿತ್ತು. ಅದು ಒಂದು ಮನೆಯ ಅಂಗಳ. ಅದರ ಕೆಳಗೆ ಗರಸು.

ಸಪ್ಪಳ ಬದಲಾಯಿತು

ಮನೆಯ ಹಿಂಭಾಗದ ಒಂದು ಕಾಲಂ ಗುಂಡಿಯಲ್ಲಿ ಮೂರು ಅಡಿ ಇಳಿದಿತ್ತು. ಬಕೆಟ್ ಒಂದು ಚಪ್ಪಡಿಗೆ ಸವರಿತು. ನಾನು ಕೈ ಎತ್ತುವ ಮೊದಲೇ ಆಪರೇಟರ್ ನಿಲ್ಲಿಸಿದ. "ಅಕ್ಕಾರೆ, ಕೆಳಗ ಟೊಳ್ಳು ಐತ್ರಿ. ಸಪ್ಪಳ ಬ್ಯಾರೆ ಬಂತು."

ಸುತ್ತಲಿನ ಮಣ್ಣು ಕೈಯಿಂದ ತೆಗೆದೆವು. ಎರಡಡಿ ಅಗಲದ ಒರಟು ಕಲ್ಲು. ಅಂಚಿಗೆ ಸಗಣಿ ಮಣ್ಣು ಮೆತ್ತಿ ಮುಚ್ಚಿದ ಗುರುತು. ಚಪ್ಪಡಿ ಕೂತಿದ್ದು ಆ ಸಾರಿಸಿದ ಅಂಗಳದ ಮಟ್ಟದಲ್ಲೇ.

ಆ ಹೊತ್ತಿಗೆ ಮನೆಯ ಹಿರಿಯಮ್ಮ, ಯಜಮಾನರ ತಾಯಿ, ಎದುರು ಮನೆಯ ಕಟ್ಟೆ ಮೇಲೆ ಕೂತಿದ್ದರು. ಎಂಬತ್ತು ದಾಟಿದವರು. ಗುಂಡಿಯ ಹತ್ತಿರ ಬಂದು ಒಮ್ಮೆ ಬಗ್ಗಿ ನೋಡಿದರು. "ಹಗೇವು ಅದ ಅದು. ಬಾಯಿ ತೆಗೆದ ಕೂಡ್ಲೆ ಯಾರೂ ಇಳೀಬ್ಯಾಡ್ರಿ. ಜೀವ ಹೋಗ್ತದ."

ಅವರು ಹೇಳಿದ್ದು ಅಕ್ಷರಶಃ ನಿಜ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತದೆ. ಇದ್ದ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುತ್ತವೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಹಗೇವಿನ ಉಪಯೋಗವೇ ಅದು. ಆದರೆ ಅದೇ ಗಾಳಿಗೆ ಇಳಿದ ಮನುಷ್ಯನೂ ಉಳಿಯುವುದಿಲ್ಲ. ಆ ಗಾಳಿ ಭಾರ, ತಳದಲ್ಲೇ ನಿಲ್ಲುತ್ತದೆ. ಕಸ ಕೊಳೆತ ಹಳೆ ಗುಂಡಿಯಲ್ಲೂ ಇದೇ ಅಪಾಯ. ಹಿಂದೆ ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ನಾವು ದೀಪವನ್ನೂ ನಂಬಲಿಲ್ಲ. ಯಾರೂ ಒಳಗೆ ಇಳಿಯುವುದೇ ಬೇಡ ಅಂತ ತೀರ್ಮಾನ ಮಾಡಿದೆವು. ಚಪ್ಪಡಿಯನ್ನು ಮಷೀನಿನ ಸರಪಳಿಗೆ ಕಟ್ಟಿ ದೂರದಿಂದ ಎತ್ತಿಸಿ, ರಾತ್ರಿಯೆಲ್ಲ ತೆರೆದು ಬಿಟ್ಟೆವು. ಸುತ್ತ ಕಬ್ಬಿಣದ ಸರಳು ನೆಟ್ಟು ಹಗ್ಗ ಕಟ್ಟಿ, ಒಬ್ಬರನ್ನು ಕಾವಲು ಕೂರಿಸಿದೆವು.

ಕಾವಲು ಬೇಕಾಗಿದ್ದು ಇನ್ನೊಂದು ಕಾರಣಕ್ಕೂ. ಸಂಜೆಯೊಳಗೆ ಓಣಿಯಲ್ಲಿ ಸುದ್ದಿ ಹರಡಿತ್ತು. "ನಿಧಿ ಸಿಕ್ಕದಂತ." ನಿಂಬೆಹಣ್ಣು, ಕುಂಕುಮ ಹಿಡಿದು ಬಂದವರೂ ಇದ್ದರು. ಇಂಥ ಹೊತ್ತಿನಲ್ಲಿ ಟಾರ್ಪಾಲು ಕಟ್ಟಿ ಮುಚ್ಚುವುದು ಎಲ್ಲರಿಗೂ ಹೊಳೆಯುವ ಉಪಾಯ. ಮುಚ್ಚಿದಷ್ಟೂ ಅನುಮಾನ ಬೆಳೆಯುತ್ತದೆ. ನಾವು ತೆರೆದು ತೋರಿಸಿದೆವು. ಮರುದಿನ ಬೆಳಗ್ಗೆ ಓಣಿಯ ಹಿರಿಯರನ್ನು ಕರೆದು, ಹಗ್ಗದ ಆಚೆ ನಿಲ್ಲಿಸಿ, ಟಾರ್ಚ್ ಹಾಕಿ ಒಳಗೆ ಏನಿದೆ ಅಂತ ತೋರಿಸಿದೆವು. ಹಿರಿಯಮ್ಮ ಅಲ್ಲೇ ನಿಂತು ತನ್ನ ತವರಿನಲ್ಲಿ ಹಗೇವು ತುಂಬುತ್ತಿದ್ದುದು ಹೇಗೆ ಅಂತ ಹೇಳಿದರು. ತಳಕ್ಕೆ, ಗೋಡೆಗೆ ಜೋಳದ ಕಣಿಕೆ ಕಟ್ಟಿ ಹಾಸುವುದು, ಕಾಳು ಸುರಿದು ಮೇಲೆ ಹೊಟ್ಟು ಹಾಕುವುದು, ಆಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಕೇಳಿದವರಲ್ಲಿ ಅರ್ಧ ಜನರಿಗೆ ತಮ್ಮ ಊರಿನ ಹಗೇವು ನೆನಪಾಯಿತು. ನಿಧಿಯ ಮಾತು ತಾನಾಗಿಯೇ ತಣ್ಣಗಾಯಿತು.

ಹಗೇವಿನ ಒಳಗೆ

ಬಾಯಿ ಒಂದೂವರೆ ಅಡಿ. ಕೆಳಗೆ ಹೋದಂತೆ ಹೊಟ್ಟೆ ಅಗಲವಾಗಿ ಐದು ಅಡಿ ಆಗುತ್ತದೆ. ತಳ ರಸ್ತೆ ಮಟ್ಟದಿಂದ ಒಂಬತ್ತು ಅಡಿಯಲ್ಲಿದೆ. ಚಪ್ಪಡಿಯ ಕೆಳಗೆ ಎರಡು ಅಡಿ ಖಾಲಿ. ಅದರ ಕೆಳಗೆ ಸಡಿಲ ಕಸ. ಕಾಳು ತುಂಬುವುದನ್ನು ಬಿಟ್ಟ ಮೇಲೆ ಮನೆಯವರು ಅದನ್ನು ಕಸದ ಗುಂಡಿ ಮಾಡಿ, ತುಂಬಿದಾಗ ಕಲ್ಲು ಮುಚ್ಚಿ ಅಂಗಳ ಸಾರಿಸಿದ್ದಾರೆ. ವರ್ಷ ಕಳೆದಂತೆ ಕಸ ಕುಗ್ಗಿ ಮೇಲೆ ಟೊಳ್ಳಾಗಿದೆ.

ಕಾಲಂ ಗುಂಡಿಯನ್ನು ಪಕ್ಕದಿಂದ ಇಳಿಸಿದೆವು. ಗೋಡೆ ಜರಿಯದಂತೆ ಹಲಗೆ ಆನಿಸಿ, ಹಗೇವನ್ನು ನಡುವೆ ಸೀಳಿದಂತೆ ಅದರ ದಕ್ಷಿಣದ ಅರ್ಧ ಮಾತ್ರ ತೆಗೆದೆವು. ಹೀಗೆ ಮಾಡಿದರೆ ಯಾರೂ ಬಾಯಿಂದ ಒಳಗೆ ಇಳಿಯಬೇಕಿಲ್ಲ. ಒಳಗಿನ ಪದರಗಳು ನೇರವಾಗಿ ಕಣ್ಣೆದುರು ನಿಲ್ಲುತ್ತವೆ. ಒಂದಕ್ಕೆ ಹತ್ತರ ಅಳತೆಯಲ್ಲಿ ಆ ಸೀಳು ಮುಖವನ್ನು ಗ್ರಾಫ್ ಹಾಳೆಗೆ ಇಳಿಸಿದೆವು.

ಕಸದಲ್ಲಿ ಸಿಕ್ಕ ವಸ್ತುಗಳಲ್ಲಿ ನನಗೆ ಹೆಚ್ಚು ಬೆಲೆಯದು ಅಂತ ಕಂಡದ್ದು ಸುಟ್ಟ ಮಣ್ಣಿನ ಒಂದು ಚಿಲುಮೆಯ ತುಂಡು. ಒಳಗೆ ಕರಿ ಹಿಡಿದಿತ್ತು. ಹೊಗೆಸೊಪ್ಪು ನಮ್ಮ ನೆಲದ ಗಿಡ ಅಲ್ಲ. ಪೋರ್ಚುಗೀಸರ ಮೂಲಕ ಅಮೆರಿಕದಿಂದ ಬಂತು. ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದು, ಅಲ್ಲಿ ಕಂಡ ಹೊಗೆಸೊಪ್ಪನ್ನು 1604ರಲ್ಲಿ ಬಾದಶಹನ ಆಸ್ಥಾನಕ್ಕೆ ಒಯ್ದ ವಿಷಯ ದಾಖಲಾಗಿದೆ. ಆಗ ರಾಯಚೂರೂ ಬಿಜಾಪುರದ ಕೈಯಲ್ಲೇ ಇತ್ತು. ಹಾಗಾಗಿ ಹಗೇವು ಕಸದ ಗುಂಡಿ ಆಗಿದ್ದು ಹೊಗೆಸೊಪ್ಪು ಈ ಕಡೆ ಬಂದ ನಂತರ. ಅದನ್ನು ತೋಡಿದ್ದು, ಜೋಳ ತುಂಬಿದ್ದು ಕಸ ಬೀಳುವ ಮುಂಚೆ.

ತಳದಲ್ಲಿ ಬೆರಳು ದಪ್ಪದ ಬಿಳಿ ಬೂದು ಪದರ ಇತ್ತು. ಹಾಸಿದ ಕಣಿಕೆ ಕೊಳೆತು ಉಳಿದದ್ದು ಅದು. ಆ ಮಣ್ಣನ್ನು ಚೀಲಕ್ಕೆ ತುಂಬಿ, ನೀರಿನ ಡ್ರಮ್ಮಿನಲ್ಲಿ ಕಲಕಿದೆವು. ಮಣ್ಣು ಕೆಳಗೆ ಕೂರುತ್ತದೆ, ಇದ್ದಿಲಾದ ಕಾಳು ಮೇಲೆ ತೇಲುತ್ತದೆ. ಮೇಲಿನ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ನೆರಳಿನಲ್ಲಿ ಒಣಗಿಸಬೇಕು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ನೂತನ ಶಿಲಾಯುಗದ ಜನ ಕೊರಲೆ, ಹುರುಳಿ, ಹೆಸರು ತಿನ್ನುತ್ತಿದ್ದರು ಅಂತ ಗೊತ್ತಾಗಿದ್ದು ಇಂಥದ್ದೇ ತೇಲಿಸುವ ಕೆಲಸದಿಂದ. ನಮ್ಮ ಬಟ್ಟೆಯಲ್ಲಿ ಇದ್ದಿಲಾದ ಜೋಳದ ಕಾಳು ಉಳಿದವು. ದುಂಡಗೆ, ಮುಟ್ಟಿದರೆ ಪುಡಿಯಾಗುವಷ್ಟು ಹಗುರ. ಹಿರಿಯಮ್ಮನ ಅಂಗೈ ಮೇಲೆ ಒಂದನ್ನು ಇಟ್ಟೆ. ಅವರು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಸಣ್ಣ ಕಾಳು. ಈಗಿನ ಜೋಳ ಅಲ್ಲ ಇದು" ಅಂದರು. ಇದ್ದಿಲಾಗುವಾಗ ಕಾಳು ಸ್ವಲ್ಪ ಕುಗ್ಗುತ್ತದೆ. ಆದರೂ ಜೀವಮಾನವಿಡೀ ಜೋಳ ಹಸನು ಮಾಡಿದ ಕಣ್ಣದು. ಅವರ ಮಾತನ್ನೂ ಚೀಟಿಯಲ್ಲಿ ಬರೆದಿಟ್ಟೆ.

ಕಾಲಂ ಎಲ್ಲಿ ನಿಲ್ಲಬೇಕಿತ್ತು

ಇಂಜಿನಿಯರ್ ಮೊದಲು ಹೇಳಿದ್ದು ಕಾಂಕ್ರೀಟ್ ಸುರಿದು ತುಂಬಿಸೋಣ ಅಂತ. ನಾನು ನಕ್ಷೆ ಹಿಡಿದು ಅವರ ಪಕ್ಕ ಕೂತೆ. ಕಾಲಂನ ಫೂಟಿಂಗ್, ಅಂದರೆ ಅದು ಕೂರುವ ಅಗಲ ಬುಡದ ತಳ ಏಳು ಅಡಿಯಲ್ಲಿ. ಹಗೇವಿನ ತಳ ಒಂಬತ್ತರಲ್ಲಿ. ಅಂದರೆ ಫೂಟಿಂಗ್‌ನ ಅರ್ಧ ಗಟ್ಟಿ ಗರಸಿನ ಮೇಲೆ, ಇನ್ನರ್ಧ ಎರಡು ಅಡಿ ಸಡಿಲ ಕಸದ ಮೇಲೆ ಕೂರುತ್ತಿತ್ತು. ಮಣ್ಣು ಪರೀಕ್ಷೆಗೆ ಬೋರು ಇಳಿಸಿದ್ದು ಜಾಗದ ಎರಡು ಮೂಲೆಗಳಲ್ಲಿ. ಎರಡರಲ್ಲೂ ಒಳ್ಳೆ ಗರಸು ಬಂದಿತ್ತು. ನಡುವೆ ಏನಿದೆ ಅಂತ ಆ ವರದಿಗೆ ಗೊತ್ತಾಗುವುದಾದರೂ ಹೇಗೆ?

ಹಲ್ಲಿನ ಬಕೆಟ್‌ನಲ್ಲಿ ಒಂದೇ ಏಟಿಗೆ ಅಗೆದಿದ್ದರೆ ಚಪ್ಪಡಿ ಒಡೆದು, ಕಸ ಕಲಸಿ, ತಳದಲ್ಲಿ ಒಂದಿಷ್ಟು ಕಪ್ಪು ಮಣ್ಣು ಕಾಣುತ್ತಿತ್ತು. ಅದರ ಮೇಲೆ ಬೆಡ್ ಹಾಕಿ ಕಾಲಂ ಎಬ್ಬಿಸುತ್ತಿದ್ದರು. ಗೋಡೌನಿನಲ್ಲಿ ಸಕ್ಕರೆ, ಅಕ್ಕಿ ಚೀಲದ ಭಾರ ಬಿದ್ದ ಮೇಲೆ, ಒಂದು ಮಳೆಗಾಲದ ನೀರು ಇಳಿದ ಮೇಲೆ, ಆ ಕಾಲಂ ಒಂದು ಕಡೆ ಕುಗ್ಗುತ್ತಿತ್ತು. ಹಳೆ ಊರಿನ ಹೊಸ ಮನೆಗಳಲ್ಲಿ ಬೀಮಿನ ಮೂಲೆಗೆ ಬರುವ ಓರೆ ಬಿರುಕುಗಳನ್ನು ನೋಡಿ ಜನ ಸಿಮೆಂಟನ್ನು ಬೈಯುತ್ತಾರೆ, ಗೌಂಡಿಯನ್ನು ಬೈಯುತ್ತಾರೆ. ನೆಲದ 500 ವರ್ಷದ ಗುಂಡಿಗಳ ಲೆಕ್ಕ ಯಾರೂ ಕೇಳುವುದಿಲ್ಲ.

ಇಂಜಿನಿಯರ್ ಚಿಕ್ಕ ವಯಸ್ಸಿನವರು, ಮಾತು ಕೇಳುವ ಗುಣ ಇತ್ತು. ಕಾಲಂ ಸರಿಸಿದರೆ ಅಂಗಡಿಯ ಶಟರ್ ಅಳತೆ ಕೆಡುತ್ತಿತ್ತು. ಅದಕ್ಕೆ ಕಾಲಂ ಅಲ್ಲೇ ಇಟ್ಟು, ಅದರ ಭಾರವನ್ನು ಪಕ್ಕದ ಕಾಲಂ ಜೊತೆ ಕೂಡಿಸಿ, ಎರಡಕ್ಕೂ ಗರಸಿನ ಮೇಲೆ ಒಂದೇ ಫೂಟಿಂಗ್ ಮಾಡಿದರು. ಹಗೇವಿನ ಮೇಲೆ ಬೀಮ್ ಹಾದುಹೋಗುತ್ತದೆ. ಅದರ ಮೇಲೆ ಭಾರ ಬೀಳುವುದಿಲ್ಲ. ಉತ್ತರದ ಅರ್ಧ ಹಗೇವನ್ನು ಮುಟ್ಟದೆ ಬಿಟ್ಟೆವು. ತೆಗೆದ ಅರ್ಧಕ್ಕೆ ಜಿಯೋಟೆಕ್ಸ್‌ಟೈಲ್ ಎಂಬ, ಮಣ್ಣಿನಲ್ಲಿ ಹಾಸುವ ಗಟ್ಟಿ ಬಟ್ಟೆ ಹಾಸಿ ಜರಡಿ ಹಿಡಿದ ಮರಳು ತುಂಬಿ ಬಡಿದೆವು. ಮುಂದೆ ಯಾರಾದರೂ ಅಗೆದರೆ ಬಟ್ಟೆ ಕಂಡ ಕೂಡಲೇ ಇಲ್ಲಿಂದಾಚೆ ಹಳೆಯದು ಅಂತ ತಿಳಿಯುತ್ತದೆ.

ಖರ್ಚು ಯಾರದು

ಕಬ್ಬಿಣ ಸ್ವಲ್ಪ ಜಾಸ್ತಿ ಹೋಯಿತು. ಅದನ್ನು ಯಜಮಾನರೇ ಕೊಟ್ಟರು, ತಮ್ಮ ಕಟ್ಟಡ ಉಳಿಯಿತು ಅಂತ ಗೊತ್ತಾದ ಮೇಲೆ ಮನಸ್ಸಿನಿಂದಲೇ ಕೊಟ್ಟರು. ಆದರೆ ದಾಖಲೆ ಮಾಡಿದ ಖರ್ಚು, ಕಾವಲಿನ ಕೂಲಿ, ಮಾದರಿ ಕಳಿಸುವ ಖರ್ಚು ಅವರ ಮೇಲೆ ಬೀಳಬಾರದು. ಅದು ಊರಿನ ಕೆಲಸ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕಾಪರ್‌ಗೇಟ್ ಎಂಬ ಬೀದಿಯ ಕಟ್ಟಡ ಕೆಲಸಕ್ಕೆ ಮುಂಚೆ 1976ರಿಂದ 1981ರ ತನಕ ಅಗೆದಾಗ ವೈಕಿಂಗ್ ಕಾಲದ ಮನೆಗಳೇ ಸಿಕ್ಕವು. 1990ರಲ್ಲಿ ಅಲ್ಲಿ ಹೊಸ ಮಾರ್ಗಸೂಚಿ ಬಂತು. ಕಟ್ಟುವವರೇ ಪುರಾತತ್ವದ ಖರ್ಚು ಹೊರುವುದು ರೂಢಿ ಆಯಿತು. ದೊಡ್ಡ ಕಂಪನಿ ಮಾಲ್ ಕಟ್ಟುವಾಗ ಇದು ನ್ಯಾಯ. ಮೂವತ್ತು ಅಡಿ ಅಗಲದ ಜಾಗದಲ್ಲಿ ಅಂಗಡಿ ಕಟ್ಟುವ ಕಿರಾಣಿ ವ್ಯಾಪಾರಿಗೆ ಅದೇ ನಿಯಮ ಹಾಕಿದರೆ, ಅವನು ಮತ್ತೆ ರಾತ್ರಿ ಜೆಸಿಬಿಯನ್ನೇ ಕರೆಯುತ್ತಾನೆ. ನಮ್ಮಲ್ಲಿ ಸಣ್ಣ ಜಾಗಗಳ ಖರ್ಚನ್ನು ಕಟ್ಟಡ ಪರವಾನಗಿಯ ಶುಲ್ಕದಿಂದಲೇ ತೆಗೆದಿಡಬಹುದು. ಜಿಲ್ಲೆಗೆ ಇಬ್ಬರು ತರಬೇತಿ ಪಡೆದ ಹುಡುಗರು ಇದ್ದರೂ ಬೇಕಾದಷ್ಟಾಯಿತು.

ಇನ್ನೊಂದು ವಿಷಯ ಬಿಟ್ಟರೆ ತಪ್ಪಾಗುತ್ತದೆ. ಅಗೆದ ಮಣ್ಣು ಎಲ್ಲಿಗೆ ಹೋಯಿತು? ಹಳೆ ಊರಿನ ಬೂದಿ ಮಣ್ಣು ಹೊಲಕ್ಕೆ ಒಳ್ಳೆ ಗೊಬ್ಬರ ಅಂತ ರೈತರಿಗೆ ಮೊದಲಿನಿಂದಲೂ ಗೊತ್ತು. ಟ್ರ್ಯಾಕ್ಟರಿನವರು ಊರಾಚೆ ಎರಡು ಹೊಲಗಳಿಗೆ ಸುರಿದರು. ಅದರ ಜೊತೆ ಮಡಕೆ ಚೂರುಗಳೂ ಹೋದವು. ಐವತ್ತು ವರ್ಷ ಕಳೆದು ಯಾರೋ ಸಂಶೋಧಕರು ಆ ಹೊಲದಲ್ಲಿ ಚೂರು ಆರಿಸಿ, ಇಲ್ಲೊಂದು ಹಳೆ ಊರು ಇತ್ತು ಅಂತ ಬರೆದುಬಿಡಬಹುದು. ಅದಕ್ಕೆ ಯಾವ ಹೊಲಕ್ಕೆ ಎಷ್ಟು ಟ್ರಿಪ್ ಹೋಯಿತು ಅಂತ ಸರ್ವೆ ನಂಬರ್ ಸಮೇತ ಬರೆದಿದ್ದೇವೆ.

ಈಗಿನ ಸ್ಥಿತಿ

ಚೂರುಗಳು, ಚಿಲುಮೆ, ಜೋಳ, ಎಲ್ಲವನ್ನೂ ಪದರದ ಚೀಟಿ ಹಚ್ಚಿ ಪಟ್ಟಿ ಮಾಡಿ ಇಲಾಖೆಗೆ ಒಪ್ಪಿಸಿದೆವು. ನಕ್ಷೆಯ ಪ್ರತಿ ಮೂರು ಕಡೆ ಇದೆ. ಒಂದು ಇಲಾಖೆಯಲ್ಲಿ, ಒಂದು ನಗರಾಡಳಿತದ ಕಡತದಲ್ಲಿ, ಒಂದು ಮನೆಯ ಕಾಗದ ಪತ್ರಗಳ ಜೊತೆ. ಮೂರನೆಯದನ್ನು ಕೇಳಿ ಪಡೆದದ್ದು ಯಜಮಾನರೇ. ಮುಂದೆ ಮನೆ ಮಾರಿದರೂ ಕೊಂಡವರಿಗೆ ಹಗೇವು ಎಲ್ಲಿದೆ ಅಂತ ಗೊತ್ತಿರಬೇಕು ಅಂದರು.

ಅಂಗಳದ ಆ ಸಾರಿಸಿದ ನೆಲ ಉತ್ತರದ ಕಡೆ ಪಕ್ಕದ ಮನೆಯ ಗೋಡೆಯ ಕೆಳಗೆ ಮುಂದುವರಿಯುತ್ತದೆ. ಒಂದು ಹಗೇವು ಇದ್ದಲ್ಲಿ ಇನ್ನೊಂದು ಇರುವುದು ಸಾಮಾನ್ಯ. ಪಕ್ಕದವರೂ ಮುಂದಿನ ಬೇಸಿಗೆಯಲ್ಲಿ ಕಟ್ಟುವವರಿದ್ದಾರೆ. ನಮ್ಮ ನಕ್ಷೆಯನ್ನು ಅವರ ಇಂಜಿನಿಯರ್‌ಗೆ ಕೊಟ್ಟಿದ್ದೇವೆ. ಗೋಡೆಯ ಹತ್ತಿರದ ಎರಡು ಕಾಲಂ ಜಾಗದಲ್ಲಿ ಮೂರು ಅಡಿಯ ಮಟ್ಟಕ್ಕೆ ಕೆಂಪು ಗೆರೆ ಎಳೆದು ತೋರಿಸಿದ್ದೇವೆ. ಪಟ್ಟಿ ಬಡಿದ ಬಕೆಟ್ ಇನ್ನೂ ಆ ಆಪರೇಟರ್ ಹತ್ತಿರವೇ ಇದೆ. ಪಕ್ಕದವರು ಅವನಿಗೇ ಹೇಳಿಟ್ಟಿದ್ದಾರೆ.